ಎದೆ ನೋಯದ ರಾತ್ರಿ

ಗ್ಲುಕೋಮೀಟರ್ 287 ತೋರಿಸಿತು. ಅಕ್ಕ ಬೆಚ್ಚಿದ್ದು ಆಗಲೇ.

ಬೆಂಗಳೂರಿನ ಕುಮಾರಸ್ವಾಮಿ ಲೇಔಟ್ ಎರಡನೇ ಹಂತ. ಮಾಗಿಯ ಚಳಿ. ರಾತ್ರಿ ಎರಡು ಗಂಟೆ ದಾಟಿದೆ. ಆ ಚಳಿಯಲ್ಲೂ ಫ್ಯಾನ್ ಹಾಕಿಸಿಕೊಂಡು ಭಾವ ಮಂಚದ ಅಂಚಿನಲ್ಲಿ ಕೂತಿದ್ದಾರೆ. ಬನಿಯನ್ ಹಿಂಡಿದರೆ ನೀರು ಸುರಿಯಬೇಕು, ಅಷ್ಟು ಬೆವರು. ಸಕ್ಕರೆ ಕಾಯಿಲೆಯವರ ಜೊತೆ ಹದಿನಾಲ್ಕು ವರ್ಷ ಸಂಸಾರ ಮಾಡಿದ ಅಕ್ಕನಿಗೆ ಇಂಥ ಬೆವರಿನ ಪರಿಚಯವಿತ್ತು. ಶುಗರ್ ದಿಢೀರನೆ ಇಳಿದಾಗ ಬರುವಂಥದ್ದು. ಸಕ್ಕರೆ ಕದಡಿದ ಲೋಟ ಪಕ್ಕದಲ್ಲಿ ಇಟ್ಟುಕೊಂಡೇ ಅವಳು ಭಾವನ ಬೆರಳಿಗೆ ಸೂಜಿ ಚುಚ್ಚಿದ್ದಳು. ಆದರೆ ಶುಗರ್ ಇಳಿದಿಲ್ಲ, ಏರಿ ಕೂತಿದೆ. ಹಾಗಾದರೆ ಈ ಬೆವರು ಎಲ್ಲಿಂದ?

"ಗ್ಯಾಸು ಕಣೇ. ರಾತ್ರಿ ಹಿತಕಿದಬೇಳೆ ಸಾರು ಜಾಸ್ತಿ ಆಯ್ತು. ಈನೋ ಕುಡಿದಿದ್ದೀನಿ, ಒಂದು ತೇಗು ಬಂದ್ರೆ ಸರಿಹೋಗುತ್ತೆ. ಮಲಕ್ಕೋ ಹೋಗು."

"ಎದೆ ನೋಯ್ತಿದೆಯೇನ್ರೀ?"

"ಇಲ್ಲ ಅಂದ್ನಲ್ಲ. ದವಡೆ ಒಂಚೂರು ಹಿಡಿದ ಹಾಗಿದೆ, ಅಷ್ಟೇ."

ಹಿಂದಿನ ಬೀದಿಯಲ್ಲಿರುವ ನನಗೆ ಫೋನ್ ಬಂತು. ಅಕ್ಕ ಎರಡೇ ಮಾತು ಹೇಳಿದಳು: "ಕಾರು ತಗೊಂಡು ಬಾ. ಏನೂ ಕೇಳಬೇಡ, ಬಾ."

ನಾನು ಹೋದಾಗ ಭಾವ ಮೆಟ್ಟಿಲ ಮೇಲೆ ನಿಂತು ವಾದ ಮಾಡುತ್ತಿದ್ದರು. ಬೆಳಗಾಗಲಿ, ನಮ್ಮ ಡಾಕ್ಟ್ರ ಹತ್ತಿರವೇ ಹೋಗೋಣ, ಈ ಹೊತ್ತಲ್ಲಿ ಯಾರಿರ್ತಾರೆ ಎಂದು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅಕ್ಕ ಉತ್ತರ ಕೊಡಲಿಲ್ಲ. ಚಪ್ಪಲಿ ತಂದು ಅವರ ಕಾಲ ಬಳಿ ಇಟ್ಟಳು, ಹಿಂದಿನ ಬಾಗಿಲು ತೆಗೆದಳು, ತಾನು ಮೊದಲು ಹತ್ತಿ ಕೂತಳು. ಭಾವ ಹತ್ತಲೇಬೇಕಾಯಿತು.

ಈ ಬಡಾವಣೆಯನ್ನು ನೋಡದವರಿಗೆ ಒಂದು ಮಾತು: ಇಲ್ಲಿ ಸಪಾಟು ರಸ್ತೆ ಕಡಿಮೆ. ದಯಾನಂದ ಸಾಗರ್ ಕಾಲೇಜು ನಿಂತಿರುವುದೇ ಶಾವಿಗೆ ಮಲ್ಲೇಶ್ವರ ಬೆಟ್ಟದ ಮೇಲೆ. ಒಂದು ಅಡ್ಡರಸ್ತೆ ಇಳಿದರೆ ಇನ್ನೊಂದು ಏರಬೇಕು. ಭಾವ ದಿನಾ ಬೆಳಿಗ್ಗೆ ಆ ಏರನ್ನು ನಡೆದೇ ಹತ್ತುತ್ತಿದ್ದರು, ಅದರ ಹೆಮ್ಮೆ ಅವರಿಗಿತ್ತು. ಕಳೆದ ಕೆಲವು ವಾರಗಳಿಂದ ಅರ್ಧ ಏರಿ ನಿಂತು, ಫೋನ್ ನೋಡುವ ನೆಪ ಮಾಡಿ, ಉಸಿರು ಹಿಡಿದು ಮತ್ತೆ ಹೊರಡುತ್ತಿದ್ದರಂತೆ. ಇದನ್ನು ಅಕ್ಕ ಹೇಳಿದ್ದು ಕಾರಿನಲ್ಲಿ, ಅವರ ಎದುರಿಗೇ. ಭಾವ ಮಾತಾಡಲಿಲ್ಲ. ಅವರು ವಾದ ನಿಲ್ಲಿಸಿದ್ದು ನನಗೆ ಹೆದರಿಕೆ ಹುಟ್ಟಿಸಿತು.

ಮೊದಲು ಸಿಕ್ಕಿದ್ದು ಒಂದು ಸಣ್ಣ ನರ್ಸಿಂಗ್ ಹೋಂ. ನಿದ್ದೆಗಣ್ಣಿನ ಡ್ಯೂಟಿ ಡಾಕ್ಟರ್, ಇಪ್ಪತ್ತೈದು ದಾಟಿರದ ಹುಡುಗಿ, ಭಾವನ ಮಾತನ್ನು ಪೂರ್ತಿ ಕೇಳಲಿಲ್ಲ. "ಶುಗರ್ ಇದೆಯಾ? ಎಷ್ಟು ವರ್ಷ?" ಎರಡೇ ಪ್ರಶ್ನೆ. ಅಷ್ಟರಲ್ಲಿ ಇಸಿಜಿಯ ತಂತಿಗಳು ಎದೆಗೆ ಅಂಟಿದ್ದವು. ಕಾಗದ ಉರುಳಿ ಬಂತು. ವಿ1ರಿಂದ ವಿ4ರವರೆಗಿನ ತಂತಿಗಳಲ್ಲಿ ಗೆರೆ ನೆಲ ಬಿಟ್ಟು ಎದ್ದು ನಿಂತಿತ್ತು. ಹೃದಯದ ಮುಂಗೋಡೆಗೆ ರಕ್ತ ಕೊಡುವ ನಾಳ ಪೂರ್ತಿ ಮುಚ್ಚಿದೆ ಎಂಬುದರ ಗುರುತು ಅದು.

"ಗ್ಯಾಸ್ ಅಲ್ಲ ಸಾರ್, ಹಾರ್ಟ್ ಅಟ್ಯಾಕ್. ಈಗಲೇ ಜಯದೇವಕ್ಕೆ ಹೊರಡಿ. ಇಲ್ಲಿ ಆಂಬುಲೆನ್ಸ್ ಹೊರಗೆ ಹೋಗಿದೆ, ಕಾಯಬೇಡಿ." ಆಸ್ಪಿರಿನ್ ಕೈಗಿಟ್ಟು ಅಗಿಸಿದಳು. ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ನುಂಗಿಸಿದಳು. ಫೋನಿನಲ್ಲಿ ಇಸಿಜಿಯ ಚಿತ್ರ ತೆಗೆದು ಅಲ್ಲಿಗೆ ಕಳಿಸಿದಳು. ಇಡೀ ಕಾರ್ಯಕ್ರಮ ಹತ್ತು ನಿಮಿಷ ಹಿಡಿಯಲಿಲ್ಲ. ಆ ಹುಡುಗಿ ಇಸಿಜಿ ತೆಗೆಯದೆ ಗ್ಯಾಸಿಗೆ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಹಾಗೆ ಮುಗಿದ ಕಥೆಗಳು ನಮ್ಮ ಊರಿನಲ್ಲಿ ಬೇಕಾದಷ್ಟಿವೆ.

ಎದೆ ಯಾಕೆ ನೋಯಲಿಲ್ಲ? ವರ್ಷಗಟ್ಟಲೆ ಹೆಚ್ಚಿದ ಸಕ್ಕರೆ ಮೊದಲು ಕೆಡಿಸುವುದು ಪಾದದ ನರಗಳನ್ನು ಎಂದು ಎಲ್ಲರಿಗೂ ಗೊತ್ತು. ಅಂಗಾಲು ಜೋಮು ಹಿಡಿಯುತ್ತದೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಹೃದಯದ ನೋವನ್ನು ಮೆದುಳಿಗೆ ಮುಟ್ಟಿಸುವ ನರಗಳೂ ಹೀಗೇ ಕೆಡುತ್ತವೆ. ಆಗ ಎದೆ ಹಿಂಡುವ ನೋವಿನ ಬದಲು ತಣ್ಣನೆಯ ಬೆವರು, ಏದುಸಿರು, ವಾಕರಿಕೆ, ದವಡೆ ಅಥವಾ ತೋಳಿನ ಸೆಳೆತ, ಕಾರಣವಿಲ್ಲದ ಸುಸ್ತು, ಇಷ್ಟೇ ಉಳಿಯುತ್ತವೆ. ಸಿನಿಮಾದಲ್ಲಿ ನೋಡಿದ ಹಾಗೆ ಎದೆ ಹಿಡಿದುಕೊಂಡು ಕುಸಿಯಲಿ ಎಂದು ಕಾದವರು ಕಾಯುತ್ತಲೇ ಹೋಗುತ್ತಾರೆ.

ಕದಿರೇನಹಳ್ಳಿ ದಾಟಿದೆ. ಸಾರಕ್ಕಿ ಸಿಗ್ನಲ್ ಕೆಂಪು. ಅಡ್ಡ ಬರುವವರು ಯಾರೂ ಇಲ್ಲ. ನಿಲ್ಲಿಸಲಿಲ್ಲ.

ಕಾರಿನೊಳಗೆ ಏಳೆಂಟು ಕಿಲೋಮೀಟರಿನ ಓಟ ಸಾಗಿತ್ತು. ಭಾವನ ಎದೆಯೊಳಗೆ ಇನ್ನೊಂದು ಓಟ ಅದಕ್ಕೂ ಮೊದಲೇ ಶುರುವಾಗಿತ್ತು. ಹೃದಯದ ಮುಂಗೋಡೆಯ ಆ ನಾಳದ ಅಗಲ ಮೂರು-ನಾಲ್ಕು ಮಿಲಿಮೀಟರ್. ಅದರ ಗೋಡೆಯೊಳಗೆ ವರ್ಷಗಳಿಂದ ಕೊಲೆಸ್ಟ್ರಾಲ್ ಇಳಿದು ಇಳಿದು ಒಂದು ದಿಬ್ಬ ಎದ್ದಿತ್ತು. ವೈದ್ಯರು ಪ್ಲಾಕ್ ಅನ್ನುವುದು ಇದನ್ನೇ. ದಿಬ್ಬದೊಳಗೆ ಸತ್ತ ಜೀವಕೋಶಗಳೂ ಕೊಬ್ಬೂ ಕಲೆತ ರೊಜ್ಜು, ಮೇಲೆ ನಾರಿನ ಹೊದಿಕೆ. ಆ ಹೊದಿಕೆ ದಪ್ಪವಿದ್ದರೆ ಮನುಷ್ಯ ಅದನ್ನು ಹೊತ್ತುಕೊಂಡೇ ತೊಂಬತ್ತು ವರ್ಷ ಬದುಕಬಹುದು. 65 ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಹದಿನೈದನೆಯ ಒಂದು ಭಾಗಕ್ಕಿಂತ ತೆಳುವಾದರೆ ಯಾವ ರಾತ್ರಿ ಬಿರಿಯುತ್ತದೋ ಹೇಳಲಾಗದು. ಎರಡು ವರ್ಷದ ಹಿಂದೆ ಭಾವ ಟ್ರೆಡ್‌ಮಿಲ್ ಪರೀಕ್ಷೆ ಪಾಸಾಗಿದ್ದರು. ಅದು ಸುಳ್ಳು ಹೇಳಿರಲಿಲ್ಲ. ಬಿರಿಯುವ ದಿಬ್ಬ ನಾಳವನ್ನು ಮುಕ್ಕಾಲು ಮುಚ್ಚಿರಬೇಕೆಂದಿಲ್ಲ. ಅರ್ಧ ಮುಚ್ಚಿದ್ದೂ ಬಿರಿಯುತ್ತದೆ, ಅಲ್ಲಿಯವರೆಗೆ ಓಡುವಾಗಲೂ ಏನೂ ಗೊತ್ತಾಗುವುದಿಲ್ಲ.

ಆ ರಾತ್ರಿ ಅದು ಬಿರಿಯಿತು. ಒಳಗಿನ ರೊಜ್ಜು ರಕ್ತಕ್ಕೆ ತಾಕಿತು. ತಾಕಿದ ಕ್ಷಣವೇ ಪ್ಲೇಟ್‌ಲೆಟ್‌ಗಳು ಧಾವಿಸಿ ಬಂದು ಒಂದಕ್ಕೊಂದು ಅಂಟಿಕೊಂಡವು. ಗಾಯ ಕಂಡರೆ ಮುಚ್ಚುವುದು ಅವುಗಳ ಕೆಲಸ. ಇಲ್ಲಿ ಮುಚ್ಚಿದರೆ ಆಳು ಸಾಯುತ್ತಾನೆಂದು ಅವುಗಳಿಗೆ ತಿಳಿಯದು. ಮಧುಮೇಹಿಯ ಪ್ಲೇಟ್‌ಲೆಟ್‌ಗಳು ಮಾಮೂಲಿಗಿಂತ ಬೇಗ ಕೆರಳುತ್ತವೆ. ಹೆಪ್ಪನ್ನು ಕರಗಿಸಬೇಕಾದ ದೇಹದ ಸ್ವಂತ ವ್ಯವಸ್ಥೆಯನ್ನು ತಡೆಹಿಡಿಯುವ ಪಿಎಐ-1 ಎಂಬ ಪ್ರೋಟೀನು ಅವರ ರಕ್ತದಲ್ಲಿ ಹೆಚ್ಚು. ಹೆಪ್ಪು ಕಟ್ಟುವುದು ಬೇಗ, ಕರಗುವುದು ನಿಧಾನ. ನಾಳ ಮುಚ್ಚಿ ಇಪ್ಪತ್ತು-ಮೂವತ್ತು ನಿಮಿಷಕ್ಕೆ ಹೃದಯದ ಸ್ನಾಯು ಒಳಪದರದಿಂದ ಸಾಯತೊಡಗುತ್ತದೆ. ಸಾವು ಅಲ್ಲಿಂದ ಹೊರಪದರದ ಕಡೆಗೆ ಗಂಟೆ ಗಂಟೆಗೂ ಹಬ್ಬುತ್ತದೆ. ಭಾವ ಈನೋ ಕುಡಿದು ತೇಗಿಗೆ ಕಾದು ಕೂತದ್ದು ಎಷ್ಟು ಹೊತ್ತು ಎಂದು ಅಕ್ಕನನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

"ರೀ, ಕಣ್ಣು ಬಿಡ್ರೀ. ಮಲಗಬೇಡಿ. ನನ್ನ ನೋಡ್ರೀ."

ರಾಗಿಗುಡ್ಡ. ಎದುರಿಗೆ ಮೆಟ್ರೋದ ಎರಡಂತಸ್ತಿನ ಸೇತುವೆ. ಮೇಲೇರಿದರೆ ಸಿಲ್ಕ್ ಬೋರ್ಡ್ ಕಡೆಗೆ ಹೊತ್ತೊಯ್ಯುತ್ತದೆ, ನಡುವೆ ಆಸ್ಪತ್ರೆ ತಪ್ಪಿಹೋಗುತ್ತದೆ. ಕೆಳಗಿನ ರಸ್ತೆಯಲ್ಲೇ, ಕಂಬಗಳ ನಡುವೆ, ಲಾರಿಯೊಂದನ್ನು ಎಡದಿಂದ ಹಿಂದಿಕ್ಕಿ ನುಗ್ಗಿದೆ. ಬೇರೆ ದಿನ ಯಾರಾದರೂ ಹಾಗೆ ಓಡಿಸಿದರೆ ಬಯ್ಯುವವನು ನಾನು.

ಜಯದೇವ ಹೃದ್ರೋಗ ಸಂಸ್ಥೆಯ ಎಮರ್ಜೆನ್ಸಿಗೆ ರಾತ್ರಿ ಹಗಲೆಂಬ ಭೇದವಿಲ್ಲ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಶುರುವಾಗಿ ಬನ್ನೇರುಘಟ್ಟ ರಸ್ತೆಗೆ ಬಂದು ಬೆಳೆದ ಸರ್ಕಾರಿ ಸಂಸ್ಥೆ ಇದು. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದ ಕಾಲದಲ್ಲಿ 'ಚಿಕಿತ್ಸೆ ಮೊದಲು, ಹಣ ಆಮೇಲೆ' ಎಂಬ ಪದ್ಧತಿ ಇಲ್ಲಿ ನೆಲೆಯೂರಿತು. ಅಂಥ ಪದ್ಧತಿಯ ಬೆಲೆ ಬಾಗಿಲಲ್ಲಿ ಗಾಲಿಕುರ್ಚಿ ತಳ್ಳುವಾಗ ತಿಳಿಯುತ್ತದೆ. ನನ್ನ ಪರ್ಸು ಮನೆಯಲ್ಲೇ ಉಳಿದಿತ್ತು.

ಭಾವನನ್ನು ಮಂಚಕ್ಕೆ ಮಲಗಿಸಿ ಮಾನಿಟರ್ ಜೋಡಿಸಿದರು. ನರ್ಸ್ ಕೈಗೆ ಸೂಜಿ ಹಾಕುತ್ತಿದ್ದಳು. ಭಾವ ಏನೋ ಹೇಳಲು ಬಾಯಿ ತೆರೆದರು. ಮಾತು ಬರಲಿಲ್ಲ. ಕಣ್ಣು ಮೇಲಕ್ಕೆ ಹೋಯಿತು. ಪರದೆಯ ಗೆರೆ ಲಯ ತಪ್ಪಿ ಕಂಡಕಂಡ ಹಾಗೆ ನಡುಗತೊಡಗಿತು. ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಎಂದು ಆಮೇಲೆ ತಿಳಿಯಿತು. ಹೃದಯ ಬಡಿಯುವುದಿಲ್ಲ, ಬರೀ ಅದುರುತ್ತದೆ. ರಕ್ತ ಎಲ್ಲಿಗೂ ಹೋಗುವುದಿಲ್ಲ. ಏನೂ ಮಾಡದೆ ಬಿಟ್ಟರೆ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ.

ಒಬ್ಬ ಎದೆ ಒತ್ತತೊಡಗಿದ. ಇನ್ನೊಬ್ಬ ಪ್ಯಾಡಲ್ ಹಿಡಿದ. "ಎಲ್ಲ ದೂರ!" ಭಾವನ ದೇಹ ಮಂಚದ ಮೇಲೆ ಹಾರಿ ಬಿತ್ತು. ಪರದೆಯಲ್ಲಿ ಅದೇ ನಡುಕ. ಮತ್ತೆ ಒತ್ತಿದರು. ಮತ್ತೆ "ದೂರ!" ಗೆರೆ ಒಮ್ಮೆ ನೆಲಕ್ಕೆ ಮಲಗಿತು. ಆಮೇಲೆ ಒಂದು ಏಟು. ತಡೆದು ಇನ್ನೊಂದು. ಮೂರನೆಯದು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಇದೇ ನಡುಕ ಸಾರಕ್ಕಿ ಸಿಗ್ನಲ್ಲಿನಲ್ಲಿ ಬಂದಿದ್ದರೆ? ಕಾರಿನಲ್ಲಿ ಪ್ಯಾಡಲ್ ಇರಲಿಲ್ಲ, ಎದೆ ಒತ್ತಲು ಜಾಗವೂ ಇರಲಿಲ್ಲ. ಸಿಗುವ ಹಾಗಿದ್ದರೆ ಆಂಬುಲೆನ್ಸೇ ಸರಿ ಅನ್ನುವುದು ಇದಕ್ಕೇ.

ಭಾವನನ್ನು ನಾಳ ತೆರೆಯುವ ಕೋಣೆಗೆ, ಕ್ಯಾಥ್ ಲ್ಯಾಬಿಗೆ, ಒಯ್ದರು. ಬಾಗಿಲು ಮುಚ್ಚಿತು. ಇನ್ನು ನಮ್ಮದು ಬೆಂಚು.

ಒಳಗೆ ನಡೆಯುವುದರ ಹಿಂದೆ ಒಂದು ಹುಚ್ಚು ಸಾಹಸವಿದೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡ್ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯ ತೋಳಿನ ರಕ್ತನಾಳದ ಮೂಲಕ ಹೃದಯ ಮುಟ್ಟಬಹುದೆಂದು ಹಟ ಹಿಡಿದ. ಮೇಲಿನವರು ಬೇಡವೆಂದರು. ಉಪಕರಣಗಳ ಬೀಗದ ಕೈ ಇದ್ದ ನರ್ಸ್, ಗೆರ್ಡಾ ಡಿಟ್ಸೆನ್, ತನ್ನ ಮೇಲೆಯೇ ಪ್ರಯೋಗ ಮಾಡು ಎಂದಳು. ಅವನು ಒಪ್ಪಿದಂತೆ ನಟಿಸಿ ಅವಳನ್ನು ಮೇಜಿಗೆ ಕಟ್ಟಿ, ತನ್ನ ಎಡತೋಳನ್ನು ಕೊಯ್ದುಕೊಂಡು 65 ಸೆಂಟಿಮೀಟರ್ ಉದ್ದದ ಕೊಳವೆ ತೂರಿಸಿಕೊಂಡ. ಕೊಳವೆ ಒಳಗಿರುವಾಗಲೇ ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ನಡೆದ. ಚಿತ್ರದಲ್ಲಿ ಅದರ ತುದಿ ಹೃದಯದಲ್ಲಿತ್ತು. ಬಹುಮಾನವಾಗಿ ಸಿಕ್ಕಿದ್ದು ಬೈಗುಳ. ನೊಬೆಲ್ ಬಂದದ್ದು 1956ರಲ್ಲಿ. ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ಇನ್ನೊಬ್ಬ ವೈದ್ಯ ತನ್ನ ಅಡುಗೆಮನೆಯ ಮೇಜಿನ ಮೇಲೆ ಪುಟ್ಟ ಬಲೂನುಗಳನ್ನು ಕೊಳವೆಗೆ ಅಂಟಿಸುತ್ತ ಕೂತವನು. 1977ರ ಸೆಪ್ಟೆಂಬರ್ 16ರಂದು ಜೂರಿಕ್‌ನಲ್ಲಿ ಎಚ್ಚರವಿದ್ದ ರೋಗಿಯೊಬ್ಬನ ಹೃದಯನಾಳದೊಳಗೆ ಅಂಥ ಬಲೂನನ್ನು ಮೊದಲ ಬಾರಿಗೆ ಉಬ್ಬಿಸಿದ. 1985ರಲ್ಲಿ ಸ್ವಂತ ವಿಮಾನ ಹಾರಿಸುತ್ತ ಅಪಘಾತದಲ್ಲಿ ಸತ್ತಾಗ ಅವನಿಗೆ 46 ವರ್ಷ.

ಆ ಹೊತ್ತಿಗೆ ಭಾವನ ಮಣಿಕಟ್ಟಿನ ನಾಳದಿಂದ ಹೊರಟ ತಂತಿ ಭುಜ ದಾಟಿ, ಮಹಾಧಮನಿಯ ಬಾಗು ದಾಟಿ, ಹೃದಯನಾಳದ ಬಾಯಿಗೆ ಬಂದಿತ್ತು. ತಂತಿಯ ದಪ್ಪ 0.36 ಮಿಲಿಮೀಟರ್. ಅದು ಹೆಪ್ಪನ್ನು ದಾಟಿ ಆಚೆ ದಡ ಮುಟ್ಟಬೇಕು. ಪಕ್ಕಕ್ಕೆ ಸರಿದು ಗೋಡೆಯ ಪದರದೊಳಗೆ ನುಗ್ಗಿದರೆ ನಾಳ ಸೀಳುತ್ತದೆ. ಕಾಣುವುದು ಬೂದು ಬಣ್ಣದ ಚಿತ್ರ ಮಾತ್ರ, ಅದೂ ನಿಮಿಷಕ್ಕೆ ನೂರು ಬಾರಿ ಕುಣಿಯುವ ಹೃದಯದ ಮೇಲೆ. ತಂತಿ ದಾಟಿತು. ಹಿಂದೆಯೇ ಬಲೂನು, ಬಲೂನಿನ ಹಿಂದೆ ಔಷಧಿ ಲೇಪಿಸಿದ ಸ್ಟೆಂಟ್. ಪರದೆಯ ಮೇಲೆ ಕತ್ತರಿಸಿದ್ದ ಕಪ್ಪು ಗೆರೆ ಹೃದಯದ ತುದಿಯವರೆಗೂ ಹರಿದು ಹೋಯಿತು.

ನಸುಕಿನಲ್ಲಿ ಡಾಕ್ಟರ್ ಹೊರಬಂದರು. ಅಕ್ಕ ಕೈಮುಗಿದಳು. ಅವರು ಕೂತು ಮಾತಾಡಿದರು, ನಿಂತಲ್ಲ. ಕೂತು ಮಾತಾಡುವ ಡಾಕ್ಟರ್ ಬಳಿ ಹೇಳಲು ಇನ್ನೂ ಏನೋ ಇರುತ್ತದೆ.

"ಸದ್ಯಕ್ಕೆ ಪಾರಾದರು ಅಮ್ಮ. ಆದರೆ ಉಳಿದ ಎರಡು ನಾಳಗಳಲ್ಲೂ ಇದೆ. ಒಂದು ಕಡೆ ಅಲ್ಲ, ಉದ್ದಕ್ಕೂ. ಶುಗರ್ ಇರೋರಲ್ಲಿ ಹೀಗೇ." ಒಂದು ಕ್ಷಣ ಬಿಟ್ಟು ಕೇಳಿದರು: "ಕೊಲೆಸ್ಟ್ರಾಲ್ ಮಾತ್ರೆ ತಗೋತಿದ್ರಾ?"

ಅಕ್ಕ ತಲೆಯಾಡಿಸಲಿಲ್ಲ. ಭಾವ ಅದನ್ನು ನಿಲ್ಲಿಸಿ ವರ್ಷ ದಾಟಿತ್ತು. ಆ ಮಾತ್ರೆಯಿಂದ ಲಿವರ್ ಹೋಗುತ್ತದೆಂದು ಯಾರೋ ಕಳಿಸಿದ ವಾಟ್ಸ್ಯಾಪ್ ಸಂದೇಶ ಓದಿ ಬಿಟ್ಟದ್ದು. ಶುಗರ್ ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಿದವರಲ್ಲ. ಫಾಸ್ಟಿಂಗ್ ಎಷ್ಟು, ಊಟದ ಮೇಲೆ ಎಷ್ಟು, ಮೂರು ತಿಂಗಳ ಸರಾಸರಿ ಎಷ್ಟು, ಎಲ್ಲವೂ ಒಂದು ಡೈರಿಯಲ್ಲಿ ತಾರೀಖಿನ ಸಮೇತ ಇತ್ತು. ಮನೆಯವರೆಲ್ಲ ಹದಿನಾಲ್ಕು ವರ್ಷ ರಕ್ತದಲ್ಲಿನ ಸಕ್ಕರೆ ಎಣಿಸಿದ್ದರು. ನಾಳದ ಗೋಡೆಯಲ್ಲಿ ಏನು ಕೂರುತ್ತಿದೆ ಎಂದು ಯಾರೂ ಎಣಿಸಿರಲಿಲ್ಲ.

ಈ ಗೋಡೆಯ ಕಥೆಯೇ ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ಭಯ ಹುಟ್ಟಿಸಿದ್ದು.

ಪ್ಲಾಕ್ ಬಂದರೆ ಬಂತು, ಹೋಗುವುದಿಲ್ಲ ಎಂದೇ ಬಹಳ ಕಾಲ ನಂಬಿಕೆಯಿತ್ತು. ಹಾಗಲ್ಲ. ನಾಳಕ್ಕೆ ತನ್ನನ್ನು ರಿಪೇರಿ ಮಾಡಿಕೊಳ್ಳುವ ಶಕ್ತಿ ಇದೆ. ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಗಣನೀಯವಾಗಿ ಇಳಿದರೆ ದಿಬ್ಬದೊಳಗೆ ಕೊಬ್ಬು ನುಂಗಿ ಊದಿಕೊಂಡ ಮ್ಯಾಕ್ರೊಫೇಜ್ ಎಂಬ ಜೀವಕೋಶಗಳು ಹೊರಗೆ ನಡೆದುಹೋಗುತ್ತವೆ. ಉಳಿದವು ಉರಿಯೂತ ಎಬ್ಬಿಸುವ ಗುಣ ಬಿಟ್ಟು ಸತ್ತ ಕೋಶಗಳನ್ನು ಗುಡಿಸುವ, ಗಾಯ ಮಾಗಿಸುವ ಗುಣಕ್ಕೆ ಹೊರಳುತ್ತವೆ. ಸ್ನಾಯುಕೋಶಗಳು ಹೊಸ ನಾರು ನೇಯುತ್ತವೆ, ಹೊದಿಕೆ ದಪ್ಪವಾಗುತ್ತದೆ. ಮಧುಮೇಹ ಕೈಹಾಕುವುದು ಈ ರಿಪೇರಿಗೇ.

ನ್ಯೂಯಾರ್ಕ್‌ನಲ್ಲಿ ಎಡ್ವರ್ಡ್ ಫಿಶರ್, ಐರಾ ಗೋಲ್ಡ್‌ಬರ್ಗ್ ಮತ್ತು ಜೊತೆಗಾರರು ಇದನ್ನು ಇಲಿಗಳಲ್ಲಿ ನೋಡಿದರು. ಪ್ಲಾಕ್ ತುಂಬಿದ ಇಲಿಯ ಮಹಾಧಮನಿಯ ತುಂಡನ್ನು ಕೊಲೆಸ್ಟ್ರಾಲ್ ಕಡಿಮೆಯಿರುವ ಇನ್ನೊಂದು ಇಲಿಗೆ ಕಸಿ ಮಾಡಿದರೆ ದಿಬ್ಬ ಕರಗತೊಡಗುತ್ತದೆ. ಕಸಿ ಮಾಡಿಸಿಕೊಂಡ ಇಲಿಗೆ ಮಧುಮೇಹವಿದ್ದರೆ? ಕೊಲೆಸ್ಟ್ರಾಲ್ ಅಷ್ಟೇ ಇಳಿದಿದ್ದರೂ ಮ್ಯಾಕ್ರೊಫೇಜ್‌ಗಳು ಜಾಗ ಬಿಟ್ಟು ಕದಲುವುದು ಕಡಿಮೆ, ಉರಿಯೂತದ ಗುಣವೂ ಆರುವುದಿಲ್ಲ. 2011ರಲ್ಲಿ ಪ್ರಕಟವಾದ ಫಲಿತಾಂಶ ಇದು. ಕಾರಣದ ಒಂದು ತುದಿ 2013ರಲ್ಲಿ ಸಿಕ್ಕಿತು, ಪ್ರಭಾಕರ ನಾಗರೆಡ್ಡಿ ಮೊದಲ ಲೇಖಕರಾಗಿದ್ದ ಪ್ರಬಂಧದಲ್ಲಿ. ಹೆಚ್ಚಿದ ಸಕ್ಕರೆ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳಿಂದ ಎಸ್100ಎ8, ಎಸ್100ಎ9 ಎಂಬ ಪ್ರೋಟೀನುಗಳನ್ನು ಹೊರಡಿಸುತ್ತದೆ. ಅವು ಎಲುಬಿನ ಮಜ್ಜೆಗೆ ಹೋಗಿ ಇನ್ನಷ್ಟು ಬಿಳಿಕಣ ತಯಾರಿಸು ಎಂದು ಎಬ್ಬಿಸುತ್ತವೆ. ತಯಾರಾದ ಮೊನೊಸೈಟ್‌ಗಳು ನೇರ ನಾಳದ ದಿಬ್ಬಕ್ಕೆ ನುಗ್ಗಿ ಮತ್ತೆ ಮ್ಯಾಕ್ರೊಫೇಜ್ ಆಗುತ್ತವೆ. ಒಂದು ಬಾಗಿಲಿಂದ ಕಸ ಹೊರಹೋಗುತ್ತಿಲ್ಲ, ಇನ್ನೊಂದರಿಂದ ಹೊಸದು ಬರುತ್ತಲೇ ಇದೆ. ಕೆಳಗೆ ಪೈಪು ಒಡೆದು ನೀರು ಸೋರುತ್ತಿರುವಾಗಲೇ ಗುಂಡಿಯ ಮೇಲೆ ಟಾರು ಬಳಿದು ಹೋಗುವ ರಿಪೇರಿಯನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ.

ಇಲಿಗಳಲ್ಲಿ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಔಷಧಿ ಕೊಟ್ಟಾಗ ಈ ಬಿಳಿಕಣಗಳ ಮೆರವಣಿಗೆ ತಗ್ಗಿ ದಿಬ್ಬ ಮಾಗಿತು. ಅದೇ ಗುಂಪಿನ ಎಂಪಾಗ್ಲಿಫ್ಲೋಜಿನ್ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದ್ರೋಗವಿದ್ದ ಮಧುಮೇಹಿಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವನ್ನು ಶೇ 38ರಷ್ಟು ಇಳಿಸಿತು. ಮನುಷ್ಯರಲ್ಲಿ ಅದು ಕೆಲಸ ಮಾಡುವ ದಾರಿ ಇದೇ ಎಂದು ಸಾಧಿಸಿದವರಿಲ್ಲ, ಹೃದಯದ ಸೋಲನ್ನು ತಡೆಯುವುದೇ ಅದರ ಮುಖ್ಯ ಕೈಚಳಕ ಎನ್ನುವವರೂ ಇದ್ದಾರೆ. 2025ರ ಮಾರ್ಚ್‌ನಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಮುಗಿದು ಬೆಲೆ ಕುಸಿದದ್ದು ಮಾತ್ರ ಚರ್ಚೆಯಿಲ್ಲದ ಸಂತೋಷ.

ಮನುಷ್ಯರ ಲೆಕ್ಕವೂ ಇದೆ. ನಾಳದೊಳಗೇ ಅಲ್ಟ್ರಾಸೌಂಡ್ ಇಳಿಸಿ ನೋಡಿದ ಐದು ಅಧ್ಯಯನಗಳ 2,237 ಜನರ ಮಾಹಿತಿಯನ್ನು ಒಟ್ಟು ಮಾಡಿ 2008ರಲ್ಲಿ ಪ್ರಕಟಿಸಿದರು. ಮಧುಮೇಹಿಗಳ ನಾಳದಲ್ಲಿ ಪ್ಲಾಕ್ ಹೆಚ್ಚು, ಬೆಳೆಯುವ ವೇಗವೂ ಹೆಚ್ಚು. ದಿಬ್ಬಕ್ಕೆ ಜಾಗ ಮಾಡಿಕೊಡಲು ನಾಳ ಹೊರಕ್ಕೆ ಹಿಗ್ಗುವ ಸ್ವಭಾವವೂ ಅವರಲ್ಲಿ ಕುಂದಿತ್ತು. ಇಂಥ ಜನ ನಮ್ಮಲ್ಲಿ ಎಷ್ಟು? ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ 2021ರಲ್ಲಿ ಭಾರತದ ಮಧುಮೇಹಿಗಳು 10.1 ಕೋಟಿ.

ಹಾಗಾದರೆ ಸಕ್ಕರೆಯನ್ನು ಎಳೆದು ನೆಲಕ್ಕೆ ಕೆಡವಿದರೆ ಸಾಕಲ್ಲ? ಅಮೆರಿಕ, ಕೆನಡಾಗಳಲ್ಲಿ 10,251 ಜನರ ಮೇಲೆ ಅದನ್ನೇ ಮಾಡಿ ನೋಡಿದರು. ಅಕಾರ್ಡ್ ಎಂಬ ಆ ಅಧ್ಯಯನದಲ್ಲಿ ಬಹುಕಾಲದ ಮಧುಮೇಹಿಗಳ ಎಚ್‌ಬಿಎ1ಸಿಯನ್ನು, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು, ಶೇ 6ಕ್ಕಿಂತ ಕೆಳಗಿಳಿಸಲು ಹೊರಟಾಗ ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. 2008ರಲ್ಲಿ ಆ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹೃದ್ರೋಗವೇ ಇಲ್ಲದ 2,838 ಮಧುಮೇಹಿಗಳಿಗೆ ದಿನಕ್ಕೆ 10 ಮಿಲಿಗ್ರಾಂ ಅಟೋರ್ವಾಸ್ಟಾಟಿನ್ ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದ ಕಾರ್ಡ್ಸ್ ಅಧ್ಯಯನವನ್ನೂ 2003ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದ್ದರು. ಅಲ್ಲಿ ಕಾರಣ ಉಲ್ಟಾ: ಮಾತ್ರೆ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಪೆಟ್ಟುಗಳು ಶೇ 37ರಷ್ಟು ಕಡಿಮೆ ಇದ್ದವು. ಇನ್ನೂ ಖಾಲಿ ಮಾತ್ರೆ ಕೊಡುತ್ತ ಕೂರುವುದು ನ್ಯಾಯವಲ್ಲ ಎನ್ನಿಸಿತು. ಭಾವ ವಾಟ್ಸ್ಯಾಪ್ ನಂಬಿ ಡಬ್ಬಿಯಲ್ಲೇ ಉಳಿಸಿದ್ದು ಇದೇ ಮಾತ್ರೆ.

ಸಕ್ಕರೆಯ ಹತೋಟಿ ಬೇಡವೆಂದಲ್ಲ. ಕಣ್ಣು, ಮೂತ್ರಪಿಂಡ, ಪಾದ ಉಳಿಯುವುದು ಅದರಿಂದಲೇ, ಬೇಗ ಶುರು ಮಾಡಿದವರಿಗೆ ಹೃದಯಕ್ಕೂ ಲಾಭವಿದೆ. ಆದರೆ ಅದೊಂದನ್ನೇ ನೆಚ್ಚಿ ಬಿಪಿ, ಕೊಲೆಸ್ಟ್ರಾಲ್, ಬೀಡಿ-ಸಿಗರೇಟು ಮರೆತವರ ಡೈರಿ ಎಷ್ಟು ಅಂದವಾಗಿದ್ದರೂ ನಾಳ ಅದನ್ನು ಓದುವುದಿಲ್ಲ.

ಸಾಹಸದ ಎರಡನೆಯ ಸುತ್ತು ವಾರ್ಡಿನಲ್ಲಿ ನಡೆಯಿತು. ಚೇತರಿಸಿಕೊಂಡ ಭಾವ ಮೊದಲು ಕೇಳಿದ್ದು, "ಉಳಿದೆರಡಕ್ಕೂ ಸ್ಟೆಂಟ್ ಹಾಕಿಬಿಡಿ, ಎದೆ ಸೀಳೋದು ಬೇಡ" ಎಂದು. ಯಾರಾದರೂ ಹಾಗೇ ಕೇಳುತ್ತಾರೆ. ಆದರೆ ಗ್ರುಂಟ್ಸಿಗ್‌ನ ಬಲೂನಿಗೆ ಮೊದಲ ದೊಡ್ಡ ಸೋಲಾದದ್ದು ಮಧುಮೇಹಿಗಳ ನಾಳದಲ್ಲೇ. 1995ರಲ್ಲಿ ಅಮೆರಿಕದ 'ಬಾರಿ' ಎಂಬ ಅಧ್ಯಯನ ಇಡೀ ವೈದ್ಯಲೋಕವನ್ನು ಎಚ್ಚರಿಸಿತು: ಹಲವು ನಾಳ ಮುಚ್ಚಿದ ಮಧುಮೇಹಿಗಳಲ್ಲಿ ಬೈಪಾಸ್ ಆದವರಲ್ಲಿ ಐದು ವರ್ಷದ ಕೊನೆಗೆ ಶೇ 80.6ರಷ್ಟು ಜನ ಬದುಕಿದ್ದರು, ಬಲೂನ್ ಆದವರಲ್ಲಿ ಶೇ 65.5. ಔಷಧಿ ಲೇಪಿಸಿದ ಸ್ಟೆಂಟ್‌ಗಳು ಬಂದ ಮೇಲಾದರೂ ಲೆಕ್ಕ ಬದಲಾಗಬಹುದೆಂದು ವ್ಯಾಲೆಂಟಿನ್ ಫುಸ್ಟರ್ ನೇತೃತ್ವದ ಫ್ರೀಡಂ ಅಧ್ಯಯನ 1,900 ಮಧುಮೇಹಿಗಳನ್ನು ಹಿಂಬಾಲಿಸಿತು. 2012ರಲ್ಲಿ ಬಂದ ಉತ್ತರ: ಐದು ವರ್ಷದಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು ಸೇರಿ ಸ್ಟೆಂಟಿನವರಲ್ಲಿ ಶೇ 26.6, ಬೈಪಾಸಿನವರಲ್ಲಿ ಶೇ 18.7. ಸ್ಟೆಂಟ್ ಸರಿಪಡಿಸುವುದು ಒಂದು ಜಾಗವನ್ನು. ಬೈಪಾಸ್ ರೋಗ ಹಿಡಿದ ಉದ್ದವನ್ನೇ ದಾಟಿ ಆಚೆಗೆ ಹೊಸ ದಾರಿ ಜೋಡಿಸುತ್ತದೆ. ಆದರೆ ಪಾರ್ಶ್ವವಾಯುವೊಂದನ್ನೇ ತೆಗೆದುಕೊಂಡರೆ ಬೈಪಾಸಿನವರಲ್ಲೇ ಹೆಚ್ಚು. ಅದನ್ನೂ ಡಾಕ್ಟರ್ ಮುಚ್ಚಿಡಲಿಲ್ಲ.

ಭಾವ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅಕ್ಕನನ್ನು ಕರೆದು, "ನೀನೇನಂತೀಯ?" ಎಂದರು. ಮದುವೆಯಾದಾಗಿನಿಂದ ಅವರು ಈ ಪ್ರಶ್ನೆ ಕೇಳಿದ್ದು ಅಪರೂಪ.

"ಕುಯ್ಸಿಕೊಳ್ಳಿ," ಎಂದಳು ಅಕ್ಕ.

ಕೆಲವು ವಾರಗಳ ನಂತರ ಆಪರೇಷನ್ ಆಯಿತು. ಎದೆಯೊಳಗಿನದೇ ಒಂದು ಧಮನಿ, ಕಾಲಿನಿಂದ ತೆಗೆದ ಸಿರೆ, ಹೊಸ ದಾರಿಗಳು. ಈಗ ಭಾವ ಅದೇ ಏರನ್ನು ಹತ್ತುತ್ತಾರೆ, ನಿಧಾನವಾಗಿ, ನೆಪ ಹೇಳದೆ ನಿಂತು ನಿಂತು. ಹೃದಯದ ಮುಂಗೋಡೆಯ ಒಂದಷ್ಟು ಭಾಗ ಸತ್ತೇಹೋಗಿದೆ, ಅದು ಮತ್ತೆ ಹುಟ್ಟುವುದಿಲ್ಲ. ಡೈರಿಯಲ್ಲಿ ಸಕ್ಕರೆಯ ಪಕ್ಕದಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಎಂಬ ಹೊಸ ಕಾಲಂ ಬಂದಿದೆ. 55ಕ್ಕಿಂತ ಕೆಳಗಿರಬೇಕೆಂದು ಡಾಕ್ಟರ ಕಟ್ಟಪ್ಪಣೆ.

2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ಹೋದ ಮೇಲೆ ಹೃದಯ ಪರೀಕ್ಷೆಗೆ ಜಯದೇವದ ಮುಂದೆ ಜನ ಸಾಲು ನಿಂತರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸಿ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಇದೆಯೇ ಎಂದು ನಾಳೆ ಬೆಳಿಗ್ಗೆಯೇ ವಿಚಾರಿಸಿಟ್ಟುಕೊಳ್ಳಿ. ಮನೆಯಲ್ಲಿ ಶುಗರ್ ಇದ್ದವರು ನಡುರಾತ್ರಿ ತಣ್ಣಗೆ ಬೆವರಿದರೆ ಗ್ಲುಕೋಮೀಟರ್ ಹಚ್ಚಿ ನೋಡಿ. ಶುಗರ್ ಇಳಿದಿಲ್ಲವೆಂದರೆ ಗ್ಯಾಸಿನ ಮಾತಿಗೆ ಕಿವಿಗೊಡಬೇಡಿ, 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ.